ನಡುಮನೆಯ ಹವಳಗಳು

ಉಪ್ಪುನೀರಿನ ಹನಿಯೊಂದು ಕೆಂಪು ಗಾರೆಯ ನೆಲದ ಮೇಲೆ ಬಿದ್ದು ಒಣಗಿದರೆ, ಹನಿಯ ಅಂಚು ಎಲ್ಲಿತ್ತೋ ಅಲ್ಲಿ ಮಾತ್ರ ಒಂದು ಬಿಳಿ ಗೆರೆ ಉಳಿಯುತ್ತದೆ. ಗೆರೆಯ ಒಳಗೆ ಖಾಲಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಒಣಗಿದ ಮೇಲೆ ಇನ್ನೊಂದು ಆಕಾರದಲ್ಲಿ ಮತ್ತೆ ಬರುತ್ತದೆ. ನಮ್ಮ ನಡುಮನೆಯ ಮೂಲೆಯಲ್ಲಿ ಇಂಥ ಗೆರೆಗಳು ಕಾಣಿಸಿಕೊಳ್ಳತೊಡಗಿದಾಗ ಅಜ್ಜಿ ಕುರ್ಚಿಯಿಂದಲೇ ಬಗ್ಗಿ ನೋಡಿ, ಇನ್ನು ಈ ಮನೆಯಲ್ಲಿ ರಂಗೋಲಿ ತಾನಾಗಿಯೇ ಬೀಳುತ್ತದೆ, ಸೊಸೆಗೆ ಅಷ್ಟು ಕೆಲಸ ಕಡಿಮೆ ಎಂದಳು.

ಆ ಮೂಲೆಯಲ್ಲಿದ್ದದ್ದು ನನ್ನ ಗಾಜಿನ ತೊಟ್ಟಿ. ಮಲ್ಲೇಶ್ವರದ ಅಡ್ಡರಸ್ತೆಯೊಂದರ ಆ ಮನೆಯಲ್ಲಿ ನಾವು ಮೂವರು ಹೆಂಗಸರು: ಅಪ್ಪನ ತಾಯಿಯಾದ ಅಜ್ಜಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಅಮ್ಮ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ನಾನು. ಅಪ್ಪ ಹೋದ ಮೇಲೆ ಮನೆಗೆ ಹೊಸದಾಗಿ ಬಂದ ಜೀವಗಳೆಂದರೆ ಈ ತೊಟ್ಟಿಯವೇ.

ಸಹೋದ್ಯೋಗಿಯೊಬ್ಬರ ಮಗಳ ಹುಟ್ಟುಹಬ್ಬಕ್ಕೆ ಚಿನ್ನದ ಮೀನು ಕೊಳ್ಳಲು ಚಾಮರಾಜಪೇಟೆಯ ಅಂಗಡಿಗೆ ಹೋಗಿದ್ದೆ. ಅಲ್ಲಿ ಒಳಗೋಡೆಯ ಪಕ್ಕ ನೀಲಿ ಬೆಳಕಿನ ತೊಟ್ಟಿಯೊಂದರಲ್ಲಿ ಒಂದು ಹವಳವಿತ್ತು. ಮೈತುಂಬ ಸಣ್ಣ ಸಣ್ಣ ಎಸಳುಗಳನ್ನು ಅರಳಿಸಿಕೊಂಡಿತ್ತು. ಗಿರಾಕಿಯೊಬ್ಬ ಬಂದು ಗಾಜಿನ ಮೇಲೆ ಉಂಗುರದಿಂದ ಟಕಟಕ ಬಡಿದ. ಹವಳ ಎಸಳುಗಳನ್ನೆಲ್ಲ ಒಳಗೆಳೆದುಕೊಂಡು ಬೆಣಚುಕಲ್ಲಿನಂತಾಯಿತು. ಅವನು ಬಡಿದ, ಬಗ್ಗಿದ, ಫೋಟೋ ತೆಗೆದ, ಬೇಸತ್ತು ಹೋದ. ಅವನು ಬಾಗಿಲು ದಾಟಿದ ಮೇಲೆ, ಅವಸರವಿಲ್ಲದೆ, ಅದು ಒಂದೊಂದಾಗಿ ಎಸಳು ಬಿಚ್ಚಿತು. ನನಗೆ ಅದರ ಮೇಲೆ ಗೌರವ ಹುಟ್ಟಿತು. ಬೇಡದವರು ಬಂದಾಗ ಬಾಗಿಲು ಹಾಕಿಕೊಳ್ಳುವ, ಹೋದ ಮೇಲೆ ತೆಗೆಯುವ ಆ ಕ್ರಮವನ್ನು ನಾನು ಚಿಕ್ಕಂದಿನಿಂದ ಪಾಲಿಸುತ್ತ ಬಂದಿದ್ದೆ; ಆದರೆ ಅದು ಇಷ್ಟು ಚೆನ್ನಾಗಿ ಕಾಣುತ್ತದೆಂದು ಗೊತ್ತಿರಲಿಲ್ಲ.

ಅಮ್ಮ ಒಂದೇ ಷರತ್ತು ಹಾಕಿದಳು. "ಜೀವ ಇರೋದನ್ನ ಮನೆಗೆ ತಂದು ಸಾಯಿಸೋ ಹಾಗಿಲ್ಲ. ಒಂದು ಸತ್ರೂ ಮಿಕ್ಕಿದ್ದೆಲ್ಲ ವಾಪಸ್ ಹೋಗತ್ತೆ." ನಾನು ಒಪ್ಪಿದೆ. ಅಂಗಡಿಯವರೂ ಒಪ್ಪಿದರು. ಹೀಗೆ ವಾಪಸ್ ಬಂದ ತೊಟ್ಟಿಗಳಿಂದಲೇ ಅರ್ಧ ಅಂಗಡಿ ತುಂಬಿದೆ ಎಂದು ಅವರು ಹೇಳಿದ್ದು ಅಷ್ಟೇನೂ ಧೈರ್ಯ ಕೊಡುವ ಮಾತಾಗಿರಲಿಲ್ಲ.

ಹವಳ ಸಾಕುವುದೆಂದರೆ ನಿಜವಾಗಿ ನೀರು ಸಾಕುವುದು. ಮೊದಲ ಒಂದು ತಿಂಗಳಿಗೂ ಮೇಲ್ಪಟ್ಟು ತೊಟ್ಟಿಯಲ್ಲಿ ಮರಳು, ತೂತುತೂತಾದ ಕಲ್ಲು, ಉಪ್ಪುನೀರು ಬಿಟ್ಟರೆ ಇನ್ನೇನೂ ಇರಲಿಲ್ಲ. ಕೊಳಕನ್ನು ತಿಂದು ನೀರನ್ನು ಸ್ವಚ್ಛವಾಗಿಡುವ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಆ ಕಲ್ಲಿನಲ್ಲಿ ನೆಲೆಯಾಗುವವರೆಗೆ ಬೇರೆ ಜೀವ ಬಿಡಬಾರದು. ನಾನು ದಿನಾ ಸಂಜೆ ಕುರ್ಚಿ ಹಾಕಿಕೊಂಡು ಆ ಕಲ್ಲನ್ನೇ ನೋಡುತ್ತ ಕೂರುತ್ತಿದ್ದೆ. ಮನೆಗೆ ಬಂದವರಿಗೆ ಅಜ್ಜಿ ಪರಿಚಯ ಮಾಡಿಸುತ್ತಿದ್ದಳು. "ನಮ್ಮ ಹುಡುಗಿ ಕಲ್ಲು ಸಾಕ್ತಿದಾಳೆ. ಬಹಳ ಸಾಧು, ಒಂದು ದಿನಾನೂ ಗಲಾಟೆ ಮಾಡಿಲ್ಲ."

ನಲ್ಲಿಯ ನೀರು ಆಗದು, ಕ್ಲೋರಿನ್ ಇರುತ್ತದೆ. ಶುದ್ಧ ಮಾಡಿದ ನೀರಿಗೆ ಸಮುದ್ರದ ಉಪ್ಪಿನ ಪುಡಿಯನ್ನು ಅಳೆದು ಬೆರೆಸಬೇಕು. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಬರಿ ನೀರನ್ನೇ ಸೇರಿಸಬೇಕು. ವಾರಕ್ಕೊಮ್ಮೆ ಒಂದಿಷ್ಟು ಹಳೆ ನೀರು ತೆಗೆದು ಹೊಸ ಉಪ್ಪುನೀರು ಹಾಕಬೇಕು. ಇದನ್ನೆಲ್ಲ ವಿವರಿಸಿದಾಗ ಅಮ್ಮನ ಮುಖದಲ್ಲಿ, ಒಳ್ಳೆ ಉತ್ತರ ಬರೆದ ವಿದ್ಯಾರ್ಥಿನಿಯ ಪತ್ರಿಕೆ ಕೈಗೆ ಸಿಕ್ಕ ಸಮಾಧಾನವಿತ್ತು. ನೀರು ಶುದ್ಧ ಮಾಡುವಾಗ ಪೋಲಾಗುವ ನೀರನ್ನು ಅವಳು ಬಕೆಟ್ಟಿನಲ್ಲಿ ಹಿಡಿದಿಟ್ಟು ನೆಲ ಒರೆಸತೊಡಗಿದಳು. ಬೆಂಗಳೂರಿನ ಹವೆ ಹವಳಕ್ಕೆ ಸರಿಯಾಗಿ ಒಗ್ಗುತ್ತದೆ, ಏಪ್ರಿಲ್ ಒಂದನ್ನು ಬಿಟ್ಟು. ಆ ತಿಂಗಳು ನೀರು ಬಿಸಿಯಾಗದಂತೆ ಮೇಜಿನ ಫ್ಯಾನನ್ನು ತೊಟ್ಟಿಯ ಕಡೆ ತಿರುಗಿಸಿಟ್ಟೆ. "ಮೀನಿಗೆ ಫ್ಯಾನು, ನಂಗೆ ಬೀಸಣಿಗೆ" ಎಂದು ಅಜ್ಜಿ ಬಂದವರಿಗೆಲ್ಲ ಹೇಳಿಕೊಂಡಳು.

ಅಷ್ಟು ಹೊತ್ತಿಗೆ ಮೀನು ಬಂದಿದ್ದವು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ. ಗಾಜಿನ ಮೇಲಿನ ಪಾಚಿ ತಿನ್ನಲು ಎರಡು ಶಂಖದ ಹುಳು. ಆಮೇಲೆ ಹವಳಗಳು, ಮೂರು. ಹೊಸಬರು ಕೊಂದುಬಿಡುವುದು ಕಷ್ಟ ಎಂದು ಹೆಸರಾದ ಮೂರನ್ನೇ ಆರಿಸಿದ್ದೆ. ಒಂದು, ಅಂಗಿ ಗುಂಡಿಗಳ ಗೊಂಚಲಿನಂತಿದ್ದು ಪ್ರತಿ ಗುಂಡಿಯ ಸುತ್ತ ರೆಪ್ಪೆಗೂದಲು ಇರುವಂಥದು. ಇನ್ನೊಂದು, ಕಲ್ಲಿಗೆ ಅಂಟಿದ ಹಸಿರು ಅಣಬೆ. ಮೂರನೆಯದು ದಪ್ಪ ತೊಗಲಿನ ಛತ್ರಿ, ಅದರ ಮೇಲೆಲ್ಲ ಸಣ್ಣ ಕಡ್ಡಿಗಳಂಥ ಎಸಳು. ಗುಂಡಿ, ಅಣಬೆ, ಛತ್ರಿ ಎಂದೇ ನಾವು ಕರೆಯುತ್ತಿದ್ದೆವು. ಬೆಳಿಗ್ಗೆ ತೊಟ್ಟಿಯ ದೀಪ ಹೊತ್ತಿಕೊಂಡು ಎಷ್ಟೋ ಹೊತ್ತಾದ ಮೇಲೆ ಅವು ಅರಳುತ್ತಿದ್ದವು. ಸಂಜೆ ದೀಪ ಆರುವ ಮೊದಲೇ ಮುಚ್ಚಿಕೊಳ್ಳುತ್ತಿದ್ದವು. ಸರ್ಕಾರಿ ಕಚೇರಿ ಎಂದು ಅಜ್ಜಿ ಹೆಸರಿಟ್ಟಳು. ಹಾಗೆಂದರೂ ದಿನಾ ಊಟ ಮುಗಿಸಿ ಅವಳು ಕುರ್ಚಿ ಎಳೆದುಕೊಂಡು ಕೂರುತ್ತಿದ್ದದ್ದು ಆ ಕಚೇರಿಯ ಮುಂದೆಯೇ.

ಛತ್ರಿಗೆ ಆಗಾಗ ಸಿಟ್ಟು ಬರುತ್ತಿತ್ತು. ಕಾರಣವಿಲ್ಲದೆ ಎರಡು ಮೂರು ದಿನ ಎಸಳು ಮುಚ್ಚಿಕೊಂಡು, ಮೈಮೇಲಿನ ತೆಳು ಪೊರೆಯನ್ನು ಕಳಚಿ, ಮತ್ತೆ ಏನೂ ಆಗಿಲ್ಲವೆಂಬಂತೆ ಅರಳುತ್ತಿತ್ತು. ಆ ಜಾತಿಯ ಸ್ವಭಾವವೇ ಅದು ಎಂದು ಅಮ್ಮನಿಗೆ ಹೇಳಿದೆ. "ಗೊತ್ತು, ಒಂದನ್ನ ಸಾಕಿದೀನಿ" ಎಂದು ಅಮ್ಮ ಪತ್ರಿಕೆಯಿಂದ ತಲೆ ಎತ್ತದೆ ಹೇಳಿದಳು.

ಎದುರುಮನೆಯ ಆಂಟಿ ಕರಿಬೇವು ಕೇಳಿಕೊಂಡು ಬಂದದ್ದು ಈ ನಡುವೆ. ಅಮ್ಮ ಹಿತ್ತಲಿಗೆ ಹೋಗಿದ್ದಳು. ಆಂಟಿ ತೊಟ್ಟಿಯ ಮುಂದೆ ನಿಂತರು.

"ಏನೇ ಇದು?"

"ಹವಳ."

"ಹವಳ ಅಂದ್ರೆ, ಹವಳಾನೇ?"

"ಹೌದು."

ಅವರು ನನ್ನನ್ನೊಮ್ಮೆ, ತೊಟ್ಟಿಯನ್ನೊಮ್ಮೆ ನೋಡಿ, ಮೃದುವಾಗಿ ನನ್ನ ತೋಳು ಸವರಿ, ಕರಿಬೇವು ಮರೆತು ಹೊರಟುಹೋದರು. ನಾನು ಇನ್ನೊಂದು ವಾಕ್ಯ ಆಡಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತೋ ಏನೋ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಆಗಿತ್ತಲ್ಲ.

ನನಗೆ ಆಗ ಇಪ್ಪತ್ತೊಂಬತ್ತು, ಮದುವೆಯಾಗಿರಲಿಲ್ಲ. ಮದುವೆ ತಡವಾದರೆ ಜಾತಕದಲ್ಲಿ ಕುಜ ಕೆಟ್ಟಿದ್ದಾನೆ ಎನ್ನುತ್ತಾರೆ, ಕುಜನ ರತ್ನ ಹವಳ. ಬೆರಳಿಗೆ ಹವಳದ ಉಂಗುರ ಹಾಕಿಕೊಳ್ಳುವವರನ್ನು ನಮ್ಮ ರಸ್ತೆ ಕಂಡಿತ್ತು. ಮನೆಯಲ್ಲಿ ಜೀವಂತ ಹವಳವನ್ನೇ ಇಟ್ಟುಕೊಂಡು ನೀರು ಹಾಕಿ ಬೆಳೆಸುವವಳನ್ನು ಕಂಡಿರಲಿಲ್ಲ. ಎಂಥ ದೋಷವಿರಬೇಕು ಎಂದು ಎಲ್ಲರಿಗೂ ಮರುಕ ಬಂತು. ನನ್ನ ಜಾತಕದಲ್ಲಿ ಕುಜ ಎಲ್ಲಿ ಕೂತಿದ್ದಾನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಂಗಳವಾರ ಕುಜನ ದಿನ. ಮುಂದಿನ ಮಂಗಳವಾರ ಇಬ್ಬರು ಬಂದರು, ಅದರ ಮುಂದಿನ ವಾರ ನಾಲ್ವರು. ಒಬ್ಬರು ಮದುವೆಗೆ ಬಂದ ಮಗಳನ್ನೂ ಕರೆತಂದಿದ್ದರು. ಆ ಹುಡುಗಿಯೂ ನಾನೂ ಪರಸ್ಪರ ಕ್ಷಮೆ ಕೇಳುವಂತೆ ನೋಡಿಕೊಂಡೆವು. ಬಂದವರಿಗೆಲ್ಲ ಒಂದೇ ನಿರಾಸೆ, ಹವಳ ಕೆಂಪಗಿಲ್ಲ, ಗಟ್ಟಿಯೂ ಇಲ್ಲ. ಅಜ್ಜಿ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು. "ಇನ್ನೂ ಕಾಯಿ ಕಣ್ರೇ. ಹಣ್ಣಾದ್ಮೇಲೆ ಕೆಂಪಾಗತ್ತೆ." ಕೆಲವರು ನಕ್ಕರು, ಒಬ್ಬರು ಎಷ್ಟು ತಿಂಗಳಿಗೆ ಎಂದು ಕೇಳಿದರು. ಮಾರುಕಟ್ಟೆಯಲ್ಲಿ ಬೀನ್ಸ್ ತೂಗುತ್ತಿದ್ದಾಕೆ ಕೂಡ, ನಿಮ್ಮನೇಲಿ ಹವಳ ಬೆಳೀತೀರಂತೆ, ಎಷ್ಟಕ್ಕೊಂದ್ಸಲ ಕುಯ್ತೀರಕ್ಕಾ ಎಂದು ವಿಚಾರಿಸಿದಳು.

ನಾನು ಮಂಗಳವಾರಗಳಂದು ಗ್ರಂಥಾಲಯದಲ್ಲಿ ಹೊತ್ತು ಕಳೆದು ಬರತೊಡಗಿದೆ. ಅಮ್ಮ ಬಂದವರಿಗೆ ಕುಂಕುಮ ಕೊಟ್ಟು ಕಳಿಸುತ್ತಿದ್ದಳು. ಮದುವೆ ಎನ್ನುವ ಪದ ನಮ್ಮಿಬ್ಬರ ನಡುವೆ ಬಂದರೆ ಇಬ್ಬರಲ್ಲೊಬ್ಬರಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಹೀಗೆ ವರ್ಷಗಳಿಂದ ನಮ್ಮ ಅಡುಗೆಮನೆ ಬಹಳ ಚೊಕ್ಕಟವಾಗಿತ್ತು.

ಇಂಥ ಒಂದು ಮಂಗಳವಾರ ಕಳೆದ ಮೇಲೆ ಅಮ್ಮ ಲೈನಿಂಗ್ ಬಟ್ಟೆ ತರುತ್ತೇನೆಂದು ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋದಳು. ಬಟ್ಟೆಯಿಲ್ಲದೆ ವಾಪಸ್ಸಾದಳು. ಬಣ್ಣ ಹೊಂದಲಿಲ್ಲವಂತೆ. ಇಡೀ ಚಿಕ್ಕಪೇಟೆಯಲ್ಲಿ ಹೊಂದದ ಬಣ್ಣ ಯಾವುದಿರಬಹುದೆಂದು ಅಜ್ಜಿ ಸಂಜೆಯವರೆಗೆ ಆಶ್ಚರ್ಯಪಟ್ಟಳು. ಅದಾದ ಕೆಲವೇ ದಿನಗಳಲ್ಲಿ ಛತ್ರಿ ಮುಚ್ಚಿಕೊಂಡಿತು.

ಸಿಟ್ಟು ಬಂದಿದೆ ಎಂದುಕೊಂಡೆ. ಆಮೇಲೆ ಗುಂಡಿಗಳು ಮುಚ್ಚಿದವು, ಅವಕ್ಕೆ ಸಿಟ್ಟು ಬರುವ ಅಭ್ಯಾಸವಿರಲಿಲ್ಲ. ಅಣಬೆ ಅರ್ಧಕ್ಕರ್ಧ ಕುಗ್ಗಿ, ಬಾಯಿ ತೆರೆದುಕೊಂಡು ಮಂಕಾಯಿತು. ನಾನು ನನಗೆ ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಉಪ್ಪಿನ ಸಾಂದ್ರತೆ ಸರಿ, ಶಾಖ ಸರಿ, ಅಮೋನಿಯಾ ಇಲ್ಲ, ನೈಟ್ರೇಟ್ ಮಿತಿಯೊಳಗೆ. ಎಲ್ಲ ಅಂಕಿಗಳೂ ಸರಿಯಾಗಿದ್ದು ತೊಟ್ಟಿ ಮಾತ್ರ ಸಾಯುತ್ತಿತ್ತು. ಅಂಕಿಗಳನ್ನೇ ನಂಬಿ ಸಂಬಳ ಪಡೆಯುವವಳಿಗೆ ಇದು ವೈಯಕ್ತಿಕ ಅವಮಾನದಂತಿತ್ತು.

ಆಮೇಲೆ ಮನೆಯೊಳಗಿನ ಗಾಳಿಯ ಮೇಲೆ ಅನುಮಾನಪಟ್ಟೆ. ತೊಟ್ಟಿಯ ಪಂಪು ಗಾಳಿಯನ್ನೂ ನೀರಿಗೆ ಎಳೆದುಕೊಳ್ಳುತ್ತದೆ. ಸೊಳ್ಳೆಬತ್ತಿ ನಿಂತಿತು. ಫಿನಾಯಿಲ್ ನಿಂತಿತು. ಶುಕ್ರವಾರದ ಸಾಂಬ್ರಾಣಿ ಹೊಗೆಯನ್ನು ಹಿತ್ತಲಿನಲ್ಲಿ ಹಾಕಬಹುದೇ ಎಂದು ಅಜ್ಜಿಯನ್ನು ಕೇಳಿದೆ. ಅವಳು ಧೂಪದ ತಟ್ಟೆಯನ್ನು ಹಿಡಿದು ಹಿತ್ತಲಿಗೆ ಹೋಗಿ, ಅಲ್ಲಿಂದಲೇ ಗಟ್ಟಿಯಾಗಿ, ಇಲ್ಲಿ ಬಾರಪ್ಪ, ಒಳಗೆ ನನ್ನ ಮೊಮ್ಮಕ್ಕಳಿಗೆ ಹುಷಾರಿಲ್ಲ ಎಂದು ದೇವರನ್ನು ಕರೆದಳು. ತಮಾಷೆಯ ದನಿಯಲ್ಲೇ ಕರೆದರೂ ಅವಳು ಒಳಗೆ ಬಂದು ಮೊದಲು ನೋಡಿದ್ದು ಛತ್ರಿಯನ್ನು.

ಏನೂ ಫಲ ಕಾಣಲಿಲ್ಲ. ಅಮ್ಮನ ಷರತ್ತು ನನಗೆ ಪ್ರತಿಕ್ಷಣ ನೆನಪಿತ್ತು. ಒಂದು ಸತ್ತರೂ ಎಲ್ಲ ವಾಪಸ್. ವಾಪಸ್ಸು ಹೋಗುವುದು ಅಷ್ಟು ದೊಡ್ಡ ಸಂಗತಿಯಲ್ಲ. ಆದರೆ ಹಾಗೇ ನೋಡುನೋಡುತ್ತ ಸಾಯುವುದನ್ನು ಸಹಿಸಲು ನನಗೆ ಆಗುತ್ತಿರಲಿಲ್ಲ. ನಾಯಿ ಬೆಕ್ಕಾದರೆ ನೋವು ತೋರಿಸುತ್ತವೆ. ಇವು ಮುಚ್ಚಿಕೊಳ್ಳುತ್ತವೆ, ಅಷ್ಟೆ. ಮುಚ್ಚಿಕೊಂಡವರ ಒಳಗೆ ಏನು ನಡೆಯುತ್ತಿದೆಯೆಂದು ಹೊರಗಿನವರು ಹೇಗೆ ತಿಳಿಯಬೇಕು ಎಂದು ನನಗೆ ಜೀವನದಲ್ಲಿ ಮೊದಲ ಬಾರಿಗೆ ಅನಿಸಿತು. ಅಮ್ಮ ಮಾತ್ರ ಷರತ್ತಿನ ಮಾತನ್ನು ಎತ್ತಲೇ ಇಲ್ಲ. ಅದು ಅವಳ ದೊಡ್ಡತನ ಎಂದುಕೊಂಡೆ.

ಒಂದು ಬೆಳಿಗ್ಗೆ ಶಂಖದ ಹುಳುಗಳಲ್ಲೊಂದು ಗಾಜಿನಿಂದ ಕಳಚಿಕೊಂಡು ಮರಳಿನ ಮೇಲೆ ಅಂಗಾತ ಬಿದ್ದಿತ್ತು. ಅದನ್ನು ತಿರುಗಿಸಿಟ್ಟೆ, ಮತ್ತೆ ಬಿತ್ತು. ಅದರ ಪಕ್ಕದಲ್ಲೇ ಎರಡು ಮೀನೂ ಲವಲವಿಕೆಯಿಂದ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ಕೈಯಲ್ಲಿ ಇಕ್ಕುಳ ಹಿಡಿದುಕೊಂಡು ನಿಂತವಳಿಗೆ ಆಗ ಹೊಳೆಯಿತು. ಬೆನ್ನುಮೂಳೆ ಇರುವ ಮೀನಿಗೆ ಏನೂ ಆಗಿಲ್ಲ. ಬೆನ್ನುಮೂಳೆ ಇಲ್ಲದ ಹವಳ, ಹುಳು, ಎಲ್ಲಕ್ಕೂ ಆಗಿದೆ. ಹೀಗೆ ಆರಿಸಿ ಆರಿಸಿ ಹೊಡೆಯುವುದು ನನಗೆ ಗೊತ್ತಿದ್ದಂತೆ ಒಂದೇ: ತಾಮ್ರ. ನಾನು ಓದಿದ ಕಡೆಯಲ್ಲೆಲ್ಲ ಅದರ ಎಚ್ಚರಿಕೆ ಇತ್ತು. ಅದನ್ನು ಪರೀಕ್ಷಿಸುವ ದ್ರಾವಣವನ್ನು ಮಾತ್ರ ಕೊಂಡಿರಲಿಲ್ಲ, ತಾಮ್ರ ತೊಟ್ಟಿಗೆ ಹೇಗೆ ಬರುತ್ತದೆ ಎಂಬ ಧೈರ್ಯದಿಂದ.

ಅಮ್ಮ ಊಟದ ಮೇಜಿನಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಳು. ಅಜ್ಜಿ ಎದುರಿಗಿದ್ದಳು. ನಾನು ಅಜ್ಜಿಯಿಂದಲೇ ಶುರುಮಾಡಿದೆ. ಮನೆಯ ತಾಮ್ರವೆಲ್ಲ ಅವಳದೇ. ನೀರಿನ ತಂಬಿಗೆ, ಪೂಜೆಯ ಪಾತ್ರೆ, ಬಚ್ಚಲಿನ ಹಂಡೆ. ತೊಟ್ಟಿಯಲ್ಲಿ ನೀರು ಕಡಿಮೆಯಾಗಿದೆಯೆಂದು ಯಾವತ್ತಾದರೂ ತಂಬಿಗೆಯಿಂದ ಹಾಕಿದೆಯಾ ಎಂದು ಕೇಳಿದೆ.

"ನನ್ನ ತಂಬಿಗೆ ತುಳಸಿಗೆ ನೀರು ಹಾಕೋ ತಂಬಿಗೆ," ಅಂದಳು ಅಜ್ಜಿ. "ನಿನ್ನ ಅಣಬೆಗೆ ಹಾಕ್ತೀನಾ?"

ತಾಮ್ರ ಹವಳಕ್ಕೆ ವಿಷ ಎಂದು ನಾನು ವಿವರಿಸಿದೆ. ಅಮ್ಮ ಹುರುಳಿಕಾಯಿಯಿಂದ ತಲೆ ಎತ್ತಿದಳು.

"ತಾಮ್ರ ಅಂದ್ರೆ, ಎಷ್ಟು ತಾಮ್ರ?"

"ಎಷ್ಟಾದ್ರೂ. ಸ್ವಲ್ಪ ಸ್ವಲ್ಪಾನೇ ಕರಗ್ತಾ ಇದ್ರೂ ಸಾಕು."

"ಮೀನಿಗೇನೂ ಆಗಲ್ವಲ್ಲ?"

"ಅಷ್ಟು ಬೇಗ ಆಗಲ್ಲ. ಅದರಿಂದ್ಲೇ ನಂಗೆ ಗೊತ್ತಾಗಿದ್ದು."

ಅಮ್ಮ ಮತ್ತೆ ಕೆಲಸಕ್ಕೆ ತಿರುಗಿದಳು. ಅವಳು ನಾರನ್ನು ಪಾತ್ರೆಗೂ ಹುರುಳಿಕಾಯಿಯನ್ನು ಕಸದ ತಟ್ಟೆಗೂ ಹಾಕುತ್ತಿದ್ದುದನ್ನು ನಾನು ನೋಡಿದೆ. ನೋಡಿಯೂ ಕಾಲೇಜಿಗೆ ಹೊರಟೆ. ತಾಮ್ರದ ಮೂಲ ಪಂಪಿನ ತಂತಿಯಿರಬಹುದು, ನೀರು ಶುದ್ಧ ಮಾಡುವ ಯಂತ್ರದ ಕೊಳವೆಯಿರಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಪಾಠದ ನಡುವೆ ಬೋರ್ಡಿನ ಮೇಲೆ ತಪ್ಪು ಸೂತ್ರ ಬರೆದೆ, ಮುಂದಿನ ಬೆಂಚಿನವರು ತಿದ್ದಿದರು. ಕಡೆಯ ತರಗತಿ ಬಿಟ್ಟುಕೊಟ್ಟು ಮಧ್ಯಾಹ್ನವೇ ಮನೆಗೆ ಬಂದೆ.

ಬಾಗಿಲು ತೆರೆದೇ ಇತ್ತು. ಅಜ್ಜಿ ತನ್ನ ಕುರ್ಚಿಯಲ್ಲಿ, ಸಿನಿಮಾಕ್ಕೆ ಕೂತವರ ಹಾಗೆ, ಕಾಲು ಚಾಚಿಕೊಂಡು ಕೂತಿದ್ದಳು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು, ಬಲಗೈಯನ್ನು ಮೊಣಕೈಯಿಂದಲೂ ಮೇಲಕ್ಕೆ ತೊಟ್ಟಿಯೊಳಗೆ ಇಳಿಸಿದ್ದಳು. ಕೈಯಲ್ಲಿ ಅಡುಗೆಮನೆಯ ಇಕ್ಕುಳ. ಮೀನುಗಳು ಎರಡೂ ಸೇರಿ ಅವಳ ಮೊಣಕೈಯನ್ನು ಕುಟುಕುತ್ತಿದ್ದವು. ನೆಲದ ಮೇಲೆ ಸಮುದ್ರ.

"ಬಾ ಬಾ," ಎಂದಳು ಅಜ್ಜಿ. "ನಿಮ್ಮಮ್ಮ ಮೀನು ಹಿಡೀತಿದಾಳೆ. ಈ ಮನೇಲಿ ಮೂರು ತಲೆಮಾರಿಂದ ಯಾರೂ ಹಿಡಿದಿರ್ಲಿಲ್ಲ."

ಅಮ್ಮ ತಿರುಗಲಿಲ್ಲ. ಕಲ್ಲಿನ ಹಿಂದೆ, ಮರಳಿನೊಳಗೆ ಜಾರಿಹೋಗಿದೆ, ಎಟುಕುತ್ತಿಲ್ಲ ಎಂದಷ್ಟೇ ಹೇಳಿದಳು. ನಾನು ಚೀಲ ಇಟ್ಟು, ಕೈತೊಳೆದು, ಕಲ್ಲನ್ನು ಒಂದು ಕಡೆ ಎತ್ತಿ ಹಿಡಿದೆ. ಅಮ್ಮ ಇಕ್ಕುಳ ಹಾಕಿ ಎಳೆದಳು. ಅಂಗೈಯಗಲದ ತಾಮ್ರದ ತಗಡು ಮೇಲೆ ಬಂತು. ಮೇಲೆ ತ್ರಿಕೋನ, ಕೆಳಗೆ ಮೂರು ಸಾಲು ಚೌಕದ ಮನೆಗಳು, ಮನೆಗಳಲ್ಲಿ ಅಂಕಿಗಳು. ಅಂಚಿಗೆಲ್ಲ ಹಸಿರು ಕಿಲುಬು. ಕುಜನ ಯಂತ್ರ. ಹವಳದ ಹಾಗೆ ತಾಮ್ರವೂ ಕುಜನದೇ. ಜೀವಂತ ಹವಳದ ಬುಡದಲ್ಲಿ ತಾಮ್ರದ ಯಂತ್ರ ಇಟ್ಟರೆ ಎರಡು ಪಟ್ಟು ಫಲ ಎಂದು ಎದುರುಮನೆಯ ಆಂಟಿ ಅಮ್ಮನಿಗೆ ಹೇಳಿದ್ದರು. ಚಿಕ್ಕಪೇಟೆಗೆ ಇಳಿದು ಅಮ್ಮ ನಡೆದದ್ದು ಬಟ್ಟೆ ಅಂಗಡಿಗಲ್ಲ, ಪಕ್ಕದ ನಗರ್ತಪೇಟೆಯ ಪಾತ್ರೆ ಅಂಗಡಿಗಳ ಕಡೆಗೆ. ನಾನು ತಗಡನ್ನು ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ, ಅಂಕಿಗಳನ್ನು ಕೂಡಿದೆ. ಅಡ್ಡ, ಉದ್ದ, ಓರೆ, ಯಾವ ಕಡೆಯಿಂದ ಕೂಡಿದರೂ ಒಂದೇ ಮೊತ್ತ. ಲೆಕ್ಕ ಮಾತ್ರ ಚೊಕ್ಕಟವಾಗಿತ್ತು.

"ನಾನೇ ಹಾಕಿದ್ದು," ಎಂದಳು ಅಮ್ಮ.

"ಅದು ಕಾಣ್ತಿದೆ," ಎಂದಳು ಅಜ್ಜಿ.

"ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ, ನಿಂಗೊತ್ತು. ಒಂದು ಪ್ರಯೋಗ ಅಂದ್ಕೊಂಡು ಹಾಕ್ದೆ. ಹಾಕಿದ್ರೆ ನಷ್ಟ ಏನು ಅಂತ."

"ನಷ್ಟ ಅಲ್ಲಿ ಮುದುಡ್ಕೊಂಡು ಕೂತಿದೆ ನೋಡು," ಎಂದೆ. ಹೇಳಿದ ಮೇಲೆ ದನಿ ಒರಟಾಯಿತೇನೋ ಅನಿಸಿತು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಛತ್ರಿಯನ್ನೇ ನೋಡುತ್ತಿದ್ದಳು.

"ಬೆಳಿಗ್ಗೇನೇ ಹೇಳ್ಬೇಕಿತ್ತು. ಹೇಳಿದ್ರೆ ಯಾಕೆ ಹಾಕ್ದೆ ಅಂತ ಕೇಳ್ತೀಯ. ಆಮೇಲೆ ಅದನ್ನೂ ಹೇಳ್ಬೇಕಾಗತ್ತೆ."

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಬಾಯಿ ಬಿಡುವ ಬದಲು ಇಕ್ಕುಳ ಹಿಡಿಯುತ್ತಿದ್ದೆ. ನಾವಿಬ್ಬರೂ ಛತ್ರಿಯ ಜಾತಿಯೇ.

ಅಜ್ಜಿಯ ಆಕ್ಷೇಪ ಬೇರೆಯೇ ಆಗಿತ್ತು. "ಯಂತ್ರಾನ ಯಾರಾದ್ರೂ ಉಪ್ಪುನೀರಲ್ಲಿ ಉಪ್ಪಿನಕಾಯಿ ಹಾಕ್ತಾರೇನೇ? ಯಾವ ಕುಜ ಒಲೀತಾನೆ? ಕೊಡಿಲ್ಲಿ." ಅವಳು ತಗಡನ್ನು ತೆಗೆದುಕೊಂಡು ಹೋಗಿ ಹುಣಸೆಹಣ್ಣಿನಲ್ಲಿ ತಿಕ್ಕಿ, ಹೊಳೆಯಿಸಿ, ದೇವರ ಮನೆಯ ಗೂಡಿನಲ್ಲಿಟ್ಟಳು. ಅಲ್ಲಿ ಇರೋರಿಗೆ ಏನೂ ಆಗಲ್ಲ, ಎಲ್ರೂ ಕಂಚು ಹಿತ್ತಾಳೆ ಎಂದಳು.

ಆಮೇಲೆ ನೀರು ಬದಲಾಯಿಸುವ ಕೆಲಸಕ್ಕಿಳಿದೆವು. ಯಾವಾಗಲೂ ಒಂದು ದೊಡ್ಡ ಬಕೆಟ್ಟಿನಲ್ಲಿ ಉಪ್ಪುನೀರು ಬೆರೆಸಿಟ್ಟಿರುತ್ತಿದ್ದೆ, ಅದು ಉಪಯೋಗಕ್ಕೆ ಬಂತು. ಅಮ್ಮನಿಗೆ ಮೊದಲು ಸೋಪು ಹಾಕಿ ತೋಳಿನವರೆಗೆ ತೊಳೆದುಕೊಳ್ಳಲು ಹೇಳಿದೆ, ಗುಂಡಿ ಹವಳದ ಲೋಳೆ ಮೈಗೆ ಒಳ್ಳೆಯದಲ್ಲ. ತೊಳೆದು ಬಂದವಳು ರಬ್ಬರ್ ಕೊಳವೆ ಹಿಡಿದು ಹಳೆ ನೀರು ಇಳಿಸಿದಳು. ನಾನು ಹೊಸ ನೀರನ್ನು, ಹವಳಗಳಿಗೆ ನೇರ ಬೀಳದ ಹಾಗೆ, ತಟ್ಟೆಯ ಮೇಲೆ ಸುರಿದೆ. ಲೋಹವನ್ನು ಹೀರಿಕೊಳ್ಳಲೆಂದು ಇದ್ದಿಲಿನ ಪೊಟ್ಟಣವನ್ನು ಪಂಪಿನ ಬಾಯಿಗಿಟ್ಟೆ. ಬಿದ್ದಿದ್ದ ಶಂಖದ ಹುಳುವನ್ನು ಬೇರೆ ಗಾಜಿನ ಬಟ್ಟಲಿಗೆ ಬಿಟ್ಟೆ. ಉಪ್ಪಿನ ಡಬ್ಬಿ ಖಾಲಿಯಾಯಿತು, ಇನ್ನೂ ಎರಡು ಸಲವಾದರೂ ನೀರು ಬದಲಾಯಿಸಬೇಕಿತ್ತು. ಹವಳಗಳು ಹಾಗೆಯೇ ಇದ್ದವು.

"ಒಂದು ಸತ್ರೂ ಅಂತ ನಾನು ಹೇಳಿದ್ದೆ" ಎಂದು ಅಮ್ಮ ನೆಲ ಒರೆಸುತ್ತ ಶುರುಮಾಡಿದಳು.

"ಇನ್ನೂ ಸತ್ತಿಲ್ಲ," ಎಂದೆ.

ಮರುದಿನ ಬೆಳಿಗ್ಗೆ ತೊಟ್ಟಿಯ ದೀಪ ತಾನಾಗಿ ಹೊತ್ತಿಕೊಳ್ಳುವವರೆಗೆ ಕಾಯದೆ ನಾನೇ ಹಾಕಿದೆ. ಛತ್ರಿ ಮುಚ್ಚಿತ್ತು. ಅಣಬೆ ಮಂಕಾಗೇ ಇತ್ತು. ಗುಂಡಿಗಳ ಗೊಂಚಲನ್ನು ಎಷ್ಟು ಹೊತ್ತು ನೋಡಿದೆನೋ; ಅಂಚಿನಲ್ಲಿದ್ದ ಮೂರು ನಾಲ್ಕು ಗುಂಡಿಗಳು ಬಾಯಿ ಬಿಟ್ಟು, ರೆಪ್ಪೆಗಳನ್ನು ಹೊರಗೆ ಚಾಚಿದವು. ಬಟ್ಟಲಿನಲ್ಲಿದ್ದ ಹುಳು ಗಾಜು ಹತ್ತಿ ಅರ್ಧದಲ್ಲಿ ನಿಂತಿತ್ತು. ಅಜ್ಜಿಯನ್ನು ಕರೆದು ತೋರಿಸಿದೆ. ಕಚೇರಿ ತೆಗೀತು ಎಂದಳು.

ಕಾಲೇಜಿಗೆ ಫೋನ್ ಮಾಡಿ ಮೊದಲ ತರಗತಿಗೆ ಬರುವುದಿಲ್ಲವೆಂದು ಹೇಳಿ ಸ್ಕೂಟರ್ ತೆಗೆದೆ. ಅಮ್ಮ, ಕರೆಯದಿದ್ದರೂ, ಬಟ್ಟೆ ಚೀಲ ಹಿಡಿದು ಹಿಂದೆ ಕೂತಳು. ಚಾಮರಾಜಪೇಟೆ ತಲುಪಿದಾಗ ಅಂಗಡಿಯ ಶಟರ್ ಇನ್ನೂ ಎತ್ತಿರಲಿಲ್ಲ. ಎದುರಿನ ದರ್ಶಿನಿಯಲ್ಲಿ ಬೈ-ಟೂ ಕಾಫಿ ತೆಗೆದುಕೊಂಡು ನಿಂತೆವು. ಅಲ್ಲಿ ಇಬ್ಬರಿಗೂ ಎದ್ದು ಹೋಗಲು ಅಡುಗೆಮನೆ ಇರಲಿಲ್ಲ.

"ಇಷ್ಟು ದಿನ ಕೇಳಿಲ್ಲ," ಎಂದಳು ಅಮ್ಮ. "ಕೇಳ್ಲಾ?"

"ಕೇಳು."

"ಮದುವೆ ವಿಷ್ಯದಲ್ಲಿ ನಿನ್ನ ಮನಸ್ಸಲ್ಲಿ ಏನಿದೆ?"

"ಸದ್ಯಕ್ಕೆ ಏನೂ ಇಲ್ಲ. ಬೇಡ ಅಂತಾನೂ ಇಲ್ಲ. ಏನಾದ್ರೂ ಇದ್ರೆ ಮೊದ್ಲು ನಿಂಗೇ ಹೇಳ್ತೀನಿ."

"ಎದುರುಮನೆಯವರಿಗಲ್ಲ."

"ಅವರಿಗೆ ಅಷ್ಟೊತ್ತಿಗೆ ಗೊತ್ತಾಗಿರತ್ತೆ."

ಅಮ್ಮ ನಗುವಾಗ ಕಾಫಿ ಸೀರೆಗೆ ಚೆಲ್ಲಿತು. ಅಷ್ಟರಲ್ಲಿ ಎದುರಿನ ಶಟರ್ ಎದ್ದಿತು. ಉಪ್ಪಿನ ದೊಡ್ಡ ಡಬ್ಬಿಯನ್ನೂ ತಾಮ್ರ ಪರೀಕ್ಷಿಸುವ ದ್ರಾವಣವನ್ನೂ ಕೊಂಡೆ. ಡಬ್ಬಿ ಚೀಲದಲ್ಲಿ ಹಿಡಿಸಲಿಲ್ಲ. ಅಮ್ಮ ಅದನ್ನು ನಮ್ಮಿಬ್ಬರ ನಡುವೆ ತಬ್ಬಿಹಿಡಿದು ಕೂತಳು. ಮನೆಗೆ ಬಂದು ನೀರಿಗೆ ಉಪ್ಪು ಬೆರೆಸಿಟ್ಟು, ತೊಟ್ಟಿಯ ನೀರನ್ನು ಪರೀಕ್ಷೆಯ ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ ನಾಲ್ಕು ಹನಿ ದ್ರಾವಣ ಹಾಕಿ ಕುಲುಕಿದೆ. ತೆಳುವಾಗಿ ಬಣ್ಣ ಬಂತು. ಇನ್ನೂ ತಾಮ್ರವಿತ್ತು. ಬಕೆಟ್ಟಿನ ಉಪ್ಪು ಪೂರ್ತಿ ಕರಗುವವರೆಗೆ ಕಾದು, ನಾನೂ ಅಮ್ಮನೂ ನೀರು ಬದಲಾಯಿಸಲು ಶುರುಮಾಡಿದೆವು.